8ನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಓದೋಕೇ ಬರ್ತಿಲ್ಲ, ಎಲ್ಲಿಂದ ಶುರು ಮಾಡೋದು? (ಕಾರವಾರ ಕಡೆ)

ಕಡಲತಡಿ_ಮೇಷ್ಟ್ರು

ಕಾರವಾರ ತಾಲೂಕಿನ ಕನ್ನಡ ಮಾಧ್ಯಮ ಹೈಸ್ಕೂಲು, 8ನೇ ತರಗತಿ, 34 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಕೊಂಕಣಿ, ಉಳಿದವರದು ಕನ್ನಡ. 1ನೇ ಕ್ಲಾಸಿನಿಂದಲೂ ಇಂಗ್ಲಿಷ್ ಇದೆ. ಎಬಿಸಿಡಿ ಬರುತ್ತೆ, ‘ಮೈ ನೇಮ್ ಈಸ್’ ಬರುತ್ತೆ, ಮಾಡಿಸಿದ ಪಾಠವನ್ನು ಗಡಗಡ ಓದುತ್ತಾರೆ. ಹೊಸ ಪ್ಯಾರಾ ಕೊಟ್ಟರೆ ಎರಡನೇ ಸಾಲಿಗೇ ಬಂಡಿ ನಿಲ್ಲುತ್ತೆ. ಪುಸ್ತಕದ ತುಂಬ ಪ್ರತಿ ಶಬ್ದದ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಉಚ್ಚಾರ ಬರೆದಿರುತ್ತೆ.

ಸಂಜೆ 40 ನಿಮಿಷ, ವಾರಕ್ಕೆ 5 ದಿನ, 12 ವಾರ ಸಮಯ ಇದೆ. ಓದಿನಿಂದ ಶುರು ಮಾಡಬೇಕೋ ಮಾತಿನಿಂದಲೋ? ವ್ಯಾಕರಣ ಎಷ್ಟು? ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳೋದನ್ನು ನಿಲ್ಲಿಸಬೇಕಾ? ‘ದಿನಾ ಪೇಪರ್ ಓದಿಸಿ’ ಅನ್ನೋ ಸಲಹೆ ಬೇಡ, ದಯವಿಟ್ಟು.

ಅಘನಾಶಿನಿ

ಮೊದಲ ಎರಡು ದಿನ ಏನೂ ಕಲಿಸಬೇಡಿ, ಅಳೆಯಿರಿ. 20 ಶಬ್ದಗಳನ್ನು ಒಂದೊಂದು ಚೀಟಿಯಲ್ಲಿ ದಪ್ಪಗೆ ಬರೆದು, ಒಂದು ಮಗುವಿಗೆ 2 ನಿಮಿಷದಂತೆ ಓದಿಸಿ. ಐದೈದರ ನಾಲ್ಕು ಗುಂಪು: (1) ಪಿನ್, ಕಪ್, ಹೆನ್, ಮ್ಯಾಟ್, ಡಾಗ್; (2) ಶಿಪ್, ಫ್ರಾಗ್, ಥಿಕ್, ನೆಸ್ಟ್, ಚಾಪ್; (3) ಕೇಕ್, ಬೋಟ್, ರೇನ್, ಹೋಮ್, ಸೀಟ್; (4) ಅರ್ಥವೇ ಇಲ್ಲದ ಶಬ್ದಗಳು – ವಿಬ್, ನೆಫ್, ಜಾಫ್, ಮಪ್, ಸಿಗ್. ನಾಲ್ಕನೆಯದೇ ಮುಖ್ಯ. ಮೊದಲ ಗುಂಪಿನಲ್ಲಿ ಐದಕ್ಕೆ ಐದು, ಕೊನೆಯದರಲ್ಲಿ ಒಂದೇ ಬಂತು ಅಂದರೆ ಆ ಮಗು ಓದುತ್ತಿಲ್ಲ, ಶಬ್ದದ ಆಕಾರ ನೆನಪಿಟ್ಟುಕೊಂಡು ಹೇಳುತ್ತಿದೆ. ನಿಮ್ಮ ಕ್ಲಾಸಿನಲ್ಲಿ ಬಹುಪಾಲು ಹೀಗೇ ಇರಬಹುದು. ಗಡಗಡ ಓದಿ ಹೊಸ ಪ್ಯಾರಾಕ್ಕೆ ನಿಲ್ಲುವುದಕ್ಕೆ ಬೇರೆ ಕಾರಣ ಕಡಿಮೆ.

ಎಡವಟ್ಟು ಆಗೋದು ಎಲ್ಲಿ ಅಂದರೆ, ಮಕ್ಕಳಿಗೆ ಅಕ್ಷರದ ಹೆಸರು ಗೊತ್ತು, ಸದ್ದು ಗೊತ್ತಿಲ್ಲ. ‘ಪಿ-ಐ-ಎನ್’ ಎಂದು ನೂರು ಸಲ ಹೇಳಿದರೂ ‘ಪಿನ್’ ಹುಟ್ಟೋದಿಲ್ಲ. ಸದ್ದು ಹೇಳಿಕೊಡುವವರೂ ‘ಪ, ಇ, ನ’ ಅಂತಾರೆ. ಕನ್ನಡದ ವ್ಯಂಜನದೊಳಗೆ ‘ಅ’ ಕೂತಿರೋದರಿಂದ ಇದೂ ಕೂಡೋದಿಲ್ಲ. ಹಲಗೆಯ ಮೇಲೆ ಇಂಗ್ಲಿಷ್ ಪಿ ಬರೆದು ಪಕ್ಕದಲ್ಲಿ ಅರ್ಧಾಕ್ಷರ ‘ಪ್’ ಬರೆಯಿರಿ. ನಂತರ ಮೂರು ತುಂಡು ಮಾಡಬೇಡಿ, ಎರಡೇ ಮಾಡಿ: ಪಿ + ನ್, ಪಿ + ಟ್, ಪಿ + ಗ್. ಕಾಗುಣಿತ ಕಲಿತ ಮಗುವಿಗೆ ವ್ಯಂಜನ-ಸ್ವರ ಒಂದೇ ಗಂಟಾಗಿ ಕಾಣುವುದು ಸಹಜ. ಹೊರಗಿನಿಂದ ಬಂದ ಫೋನಿಕ್ಸ್ (ಅಕ್ಷರದ ಸದ್ದಿನಿಂದ ಓದು ಕಲಿಸುವ) ಪುಸ್ತಕಗಳು ಮೂರು ಬಿಡಿ ಸದ್ದು ಮಾಡಿಸುತ್ತವೆ. ನಮ್ಮ ಮಕ್ಕಳಿಗೆ ಆ ಸುತ್ತುದಾರಿ ಬೇಕಿಲ್ಲ.

ಎಸ್, ಎ, ಟಿ, ಪಿ, ಐ, ಎನ್ – ಈ ಆರರಿಂದ ಶುರು ಮಾಡಿದರೆ ಮೊದಲ ದಿನವೇ ಸ್ಯಾಟ್, ಪಿನ್, ಟಿನ್, ನ್ಯಾಪ್, ಸಿಪ್, ಸ್ಪಿನ್, ಸ್ನ್ಯಾಪ್ ಓದಬಹುದು. 8ನೇ ಕ್ಲಾಸಿನವರು ಬೇಗ ಸಾಗುತ್ತಾರೆ. ಐದು ಹ್ರಸ್ವ ಸ್ವರಕ್ಕೆ ಒಂದು ವಾರ, ಎಸ್‌ಎಚ್, ಸಿಎಚ್, ಟಿಎಚ್, ಸಿಕೆ, ಎನ್‌ಜಿ ಜೋಡಿಗಳಿಗೆ ಎರಡು, ಕೊನೆಯ ಮೂಕ ‘ಇ’ಗೆ ಒಂದು, ಎಐ, ಇಇ, ಇಎ, ಓಎಗೆ ಎರಡು. ದಿನಕ್ಕೆ 15 ನಿಮಿಷವೇ ಸಾಕು. ಆರು ವಾರದ ಕೊನೆಗೆ ಅದೇ 20 ಚೀಟಿ ಮತ್ತೆ, ನಾಲ್ಕನೇ ಗುಂಪಿನ ಶಬ್ದ ಮಾತ್ರ ಹೊಸದು.

ಮೂಕ ‘ಇ’ಗೆ ಒಂದು ಉಪಾಯ: ಉದ್ದ ಕಾಗದದ ಪಟ್ಟಿಯಲ್ಲಿ ಪಿನ್ ಎಂದು ಇಂಗ್ಲಿಷಿನಲ್ಲಿ ಬರೆದು, ಬಲತುದಿಯಲ್ಲಿ ‘ಇ’ ಬರೆದು ಆ ತುದಿಯನ್ನು ಹಿಂದಕ್ಕೆ ಮಡಚಿ. ಮಡಿಕೆ ಬಿಚ್ಚಿದರೆ ಪಿನ್ ಪೈನ್ ಆಗುತ್ತೆ, ಕ್ಯಾಪ್ ಕೇಪ್, ಹಾಪ್ ಹೋಪ್, ಕಟ್ ಕ್ಯೂಟ್. ಮಡಚೋದು ಬಿಚ್ಚೋದು ಮಕ್ಕಳ ಕೈಯಲ್ಲೇ ಆಗಲಿ. ಹ್ಯಾವ್, ಗಿವ್, ಕಮ್, ಸಮ್, ಡನ್ ಈ ನಿಯಮ ಮುರಿಯುತ್ತವೆ. ಅವನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿಸಿಬಿಡಿ, ವಾದ ಬೇಡ.

ಇನ್ನೊಂದು. 34 ಜನ ಒಟ್ಟಿಗೆ ಓದುವಾಗ ನಿಜಕ್ಕೂ ಓದುವವರು ಐದಾರು ಮಂದಿ, ಉಳಿದವರು ಅರ್ಧ ಕ್ಷಣ ಹಿಂದೆ ಬಾಲ ಹಿಡಿದು ಬರುತ್ತಾರೆ. ಆ ಬಾಲ ಕೇಳಿಸಿದ ಕೂಡಲೇ ಜೋಡಿ ಓದಿಗೆ ತಿರುಗಿಸಿ.

ಘಟ್ಟದ_ಮೇಲಿಂದ (ಶಿರಸಿ)

ಮೇಲಿನದು ಸರಿ. ಕನ್ನಡದಲ್ಲಿ ಉಚ್ಚಾರ ಬರೆಯೋ ವಿಷಯಕ್ಕೆ ಬರ್ತೇನೆ. ಪೂರಾ ನಿಲ್ಲಿಸಿ ಅನ್ನೋರ ಜೊತೆ ನನ್ನ ತಕರಾರಿದೆ. ಕೆಟ್ಟದ್ದು ಬರೆಯೋದಲ್ಲ, *ಸಾಲಿನ ಮೇಲೆ* ಬರೆಯೋದು. ಕಣ್ಣು ಹೋಗೋದು ಕನ್ನಡದ ಮೇಲೇ, ಕೆಳಗಿನ ಇಂಗ್ಲಿಷ್ ಬರೀ ಅಲಂಕಾರ ಆಗುತ್ತೆ. ಹಾಗಾಗಿ ಬರೆಯೋದಿದ್ದರೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಅದೂ ಸ್ಪೆಲ್ಲಿಂಗ್ ಮೋಸ ಮಾಡುವ ಶಬ್ದಗಳಿಗೆ ಮಾತ್ರ: ಐಲ್ಯಾಂಡ್, ಕರ್ನಲ್, ಬಿಝಿ, ವಿಮೆನ್. ಫ಼, ಜ಼ ಎಂದು ಕೆಳಗೆ ಎರಡು ಚುಕ್ಕಿ ಹಾಕಿಸಿ, ಇಲ್ಲದಿದ್ದರೆ ‘ಝೂ’ ಹೋಗಿ ‘ಜೂ’ ಆಗಿ ಕೂರುತ್ತೆ.

ವ್ಯಾಕರಣದಲ್ಲಿ ಕನ್ನಡದಿಂದಲೇ ಬರುವ ನಾಲ್ಕು ತಪ್ಪು ಹಿಡಿದರೆ ಸಾಕು, ಹನ್ನೆರಡು ಟೆನ್ಸಿನ ಕೋಷ್ಟಕ ಬೇಡ. ಆ ಕೋಷ್ಟಕವೇ ಅರ್ಧ ತಪ್ಪಿನ ಮೂಲ.

ಮೊದಲನೆಯದು ‘ಐ ಹ್ಯಾಡ್ ಗಾನ್ ಟು ಗೋಕರ್ಣ ಯೆಸ್ಟರ್ಡೇ’. ‘ನಿನ್ನೆ ಗೋಕರ್ಣಕ್ಕೆ ಹೋಗಿದ್ದೆ’ ಅಂತ ನಾವು ಹೇಳ್ತೇವೆ, ಹೋಗಿ ಬಂದೂ ಆಯ್ತು ಅನ್ನೋ ಅರ್ಥದಲ್ಲಿ. ಕೋಷ್ಟಕದಲ್ಲಿ ‘ಇದ್ದೆ’ ಎದುರಿಗೆ ‘ಹ್ಯಾಡ್’ ಬರೆದಿರುತ್ತೆ, ಮಗು ನಿಯತ್ತಾಗಿ ಅದನ್ನೇ ಹಾಕುತ್ತೆ. ಇಂಗ್ಲಿಷಿನಲ್ಲಿ ಅಲ್ಲಿ ಬರೀ ‘ವೆಂಟ್’. ಹೇಳಿಕೊಡಬೇಕಾದ ನಿಯಮ ಎರಡೇ ಸಾಲು: ನಿನ್ನೆ, ಕಳೆದ ಭಾನುವಾರ, 2019ರಲ್ಲಿ – ಹೀಗೆ ಮುಗಿದುಹೋದ ಹೊತ್ತಿನ ಗುರುತಿದ್ದರೆ ವೆಂಟ್, ಸಾ, ಬಾಟ್. ಹಿಂದಿನ ಎರಡು ಘಟನೆಗಳಲ್ಲಿ ಯಾವುದು ಮೊದಲು ಅಂತ ತೋರಿಸಬೇಕಾದಾಗ ಮಾತ್ರ ಹ್ಯಾಡ್: ನಾವು ಸ್ಟೇಷನ್ನಿಗೆ ಬರುವಷ್ಟರಲ್ಲಿ ರೈಲು ಹೋಗಿಬಿಟ್ಟಿತ್ತು. ‘ಐ ಹ್ಯಾವ್ ಕಮ್ ಯೆಸ್ಟರ್ಡೇ’ ಕೂಡ ಮೊದಲ ಸಾಲಿಗೇ ಸಿಕ್ಕಿಬೀಳುತ್ತೆ.

ಎರಡನೆಯದು ‘ಡಿಡ್ ನಾಟ್ ವೆಂಟ್’. ಇದಕ್ಕೆ ಕನ್ನಡವೇ ಔಷಧಿ. ‘ಹೋದೆ’ಗೆ ಇಲ್ಲ ಸೇರಿಸಿ ‘ಹೋದೆಲ್ಲ’ ಅಂತ ಯಾರೂ ಹೇಳೋದಿಲ್ಲ. ‘ಹೋಗಲು + ಇಲ್ಲ’, ಹೋಗಲಿಲ್ಲ. ಕಾಲ ‘ಲಿಲ್ಲ’ದಲ್ಲಿದೆ, ಕ್ರಿಯಾಪದ ಮೂಲರೂಪಕ್ಕೆ ಮರಳಿದೆ. ನಾನು, ಅವನು, ಅವರು ಎಲ್ಲರಿಗೂ ಒಂದೇ ರೂಪ. ‘ಡಿಡ್ ನಾಟ್ ಗೋ’ ನಡೆಯೋದು ಹಾಗೇ. ಹೋಗಲಿಲ್ಲ, ತಿನ್ನಲಿಲ್ಲ, ನೋಡಲಿಲ್ಲ, ಬರಲಿಲ್ಲ ಅಂತ ಹಲಗೆಯ ಎಡಕ್ಕೆ ಬರೆದು ಬಲಕ್ಕೆ ಇಂಗ್ಲಿಷ್ ಬರೆಸಿ, ಒಂದು ಪೀರಿಯಡ್ಡಿನ ಕೆಲಸ.

ಮೂರನೆಯದು, ‘ಹ್ಯಾವಂಟ್ ಯು ಈಟನ್?’ ಅಂದರೆ ‘ಯೆಸ್’ ಅನ್ನೋದು. ‘ಊಟ ಮಾಡಿಲ್ವಾ?’ – ‘ಹೌದು, ಮಾಡಿಲ್ಲ’. ಕನ್ನಡದಲ್ಲಿ ಕೇಳಿದವರ ಮಾತಿಗೆ ಹೌದು ಅಂತೇವೆ, ಇಂಗ್ಲಿಷಿನಲ್ಲಿ ನಿಜಸಂಗತಿಗೆ. ಮಾಡಿಲ್ಲವಾದರೆ ಪ್ರಶ್ನೆ ಹೇಗೇ ಇರಲಿ, ‘ನೋ’.

ನಾಲ್ಕನೆಯದು ಎ, ಆ್ಯನ್, ದ. ಇದನ್ನು 12 ವಾರದಲ್ಲಿ ಮುಗಿಸುವ ಆಸೆ ಬಿಡಿ. ಮೊದಲ ಸಲ ಹೆಸರೆತ್ತಿದಾಗ ಎ, ಅದೇ ವಸ್ತು ಮತ್ತೆ ಬಂದಾಗ ದ – ಇಷ್ಟು ಸಾಕು.

ಪ್ರಶ್ನೆಯಲ್ಲಿ ಪದ ಹಿಂದೆಮುಂದೆ ಆಗೋದು (‘ವಾಟ್ ಯು ಆರ್ ಡೂಯಿಂಗ್’) ಕೇಳಲಿಕ್ಕೆ ಕಿರಿಕಿರಿ ಹೌದು, ಆದರೆ ಅರ್ಥ ಕೆಡಿಸೋದಿಲ್ಲ. ಕೊನೆಯ ತಿಂಗಳಿಗೆ ಇಡಿ.

ರೈಲ್ವೆ_ಗೇಟ್

ಮಾತಿನ ಕಡೆ ಯಾರೂ ಬರಲಿಲ್ಲವಲ್ಲ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು ಪ್ರಾಜೆಕ್ಟ್ ಎಂದು ಹೆಸರಾದ ಪ್ರಯೋಗ ನಡೆಸಿದ್ದು ನಮ್ಮ ದಕ್ಷಿಣದ ಸಾಮಾನ್ಯ ಶಾಲೆಗಳಲ್ಲೇ. ವ್ಯಾಕರಣ ಪಾಠದ ಬದಲು ಲೆಕ್ಕ ಹಾಕಿ ಬಿಡಿಸುವ ಕೆಲಸ ಕೊಡೋದು – ನಕ್ಷೆ, ವೇಳಾಪಟ್ಟಿ, ರೈಲಿನ ಸಮಯ. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಒಂದು ಬಿಡಿಸಿ ತೋರಿಸೋದು, ಆಮೇಲೆ ಅದೇ ತರದ್ದು ಮಕ್ಕಳೇ. ಅಂಕ ಉತ್ತರಕ್ಕೆ, ಭಾಷೆಗಲ್ಲ.

ನಿಮ್ಮಲ್ಲಿ ಕೊಂಕಣ ರೈಲ್ವೆಯೇ ಇದೆ. ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ – ಏಳು ಸಾಲು. ನಾಲ್ಕು ಕಾಲ್ಪನಿಕ ಗಾಡಿ, ನಾಲ್ಕು ಕಂಬ. ಈ ವೇಳಾಪಟ್ಟಿ ಜೋಡಿಯ ಇಬ್ಬರಿಗೂ ಒಂದೊಂದು: ಎ ಹಾಳೆಯಲ್ಲಿ ಆರು ಖಾಲಿ ಮನೆ, ಬಿ ಹಾಳೆಯಲ್ಲಿ ಬೇರೆ ಆರು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ. ಬೆನ್ನಿಗೆ ಬೆನ್ನು ಹಾಕಿ ಕೂರಿಸಿ. ಎದುರುಬದುರು ಕೂತರೆ ಹಾಳೆ ಇಣುಕಿ ಎರಡೇ ನಿಮಿಷಕ್ಕೆ ಮುಗಿಸುತ್ತಾರೆ. ಹಲಗೆಯ ಮೇಲೆ ಮೂರೇ ವಾಕ್ಯ: ‘ವಾಟ್ ಟೈಮ್ ಡಸ್ ಇಟ್ ರೀಚ್ ಕುಮಟಾ?’, ‘ಡಸ್ ಇಟ್ ಸ್ಟಾಪ್ ಅಟ್ ಅಂಕೋಲಾ?’, ‘ಸೇ ಇಟ್ ಅಗೇನ್, ಪ್ಲೀಸ್’. ಮೂರನೆಯದು ಇಲ್ಲದಿದ್ದರೆ ತಿಳಿಯದ ಕೂಡಲೇ ಕೊಂಕಣಿಗೆ ಜಾರುತ್ತಾರೆ. 12 ನಿಮಿಷ ಕೊಡಿ. ಆಮೇಲೆ ಯೋಚಿಸುವ ಪ್ರಶ್ನೆ: ಹೊನ್ನಾವರದಲ್ಲಿ 11 ಗಂಟೆಗೆ ಕೆಲಸ, ಅಂಕೋಲಾದಿಂದ ಹತ್ತಬೇಕು, ಯಾವ ಗಾಡಿ, ಯಾಕೆ?

ಇಲ್ಲಿ ಕೆಡೋದು ಅಂಕಿಯಲ್ಲಿ. ನೈನ್ ಫಿಫ್ಟೀನ್, ನೈನ್ ಫಿಫ್ಟಿ ಎರಡೂ ಒಂದೇ ತರ ಕೇಳುತ್ತೆ, 35 ನಿಮಿಷದ ಫರಕು. ಫಿಫ್ಟೀನ್ ಅನ್ನುವಾಗ ಕೊನೆ ಎಳೆದು ಒತ್ತಬೇಕು, ಫಿಫ್ಟಿಯಲ್ಲಿ ಮೊದಲ ತುಂಡು ಒತ್ತಿ ಕೊನೆಯನ್ನು ಮೊಟಕು ಮಾಡಬೇಕು. 13/30ರಿಂದ 19/90ರವರೆಗೆ ಏಳು ಜೋಡಿ, ಮೊದಲೇ ಐದು ನಿಮಿಷ ಮಾಡಿಸಿಕೊಳ್ಳಿ.

ಮಾತಾಡುವಾಗ ಮಧ್ಯೆ ತಿದ್ದಬೇಡಿ. ಚೀಟಿಯಲ್ಲಿ ಮೂರು ತಪ್ಪು ಬರೆದುಕೊಂಡು, ಕೊನೆಯ ಐದು ನಿಮಿಷ ಯಾರ ಹೆಸರೂ ಹೇಳದೆ ಹಲಗೆಗೆ ಹಾಕಿ, ತಿದ್ದೋದು ಮಕ್ಕಳು.

ಕಡಲತಡಿ_ಮೇಷ್ಟ್ರು

ಬಹಳ ಉಪಕಾರ. ಎರಡು ಸಂಶಯ. ಕೊಂಕಣಿ ಮಕ್ಕಳಿಗೂ ಕನ್ನಡದ ಮಕ್ಕಳಿಗೂ ಉಚ್ಚಾರ ಬೇರೆ ಬೇರೆ ಮಾಡಿಸಬೇಕಾ? ಮತ್ತೆ, ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ 80 ಅಂಕ ಲಿಖಿತ, 20 ಆಂತರಿಕ. ಮಾತಾಡಿಸುತ್ತಾ ಕೂತರೆ ಪಾಠ ಮುಗಿಯಲ್ಲ ಅಂತ ಮೇಲಿಂದ ಒತ್ತಡ ಇದ್ದೇ ಇದೆ.

ಅಘನಾಶಿನಿ

ಬೇರೆ ಮಾಡಿಸಬೇಡಿ, ಜೋಡಿ ಮಾಡಿ. ಕೊಂಕಣಿಯಲ್ಲಿ ಮರಾಠಿಯಂತೆ ಎರಡು ಚ, ಎರಡು ಜ ಇವೆ. ‘ಜಾಲೆಂ’ ಅನ್ನುವ ಬಾಯಿಗೆ ಝೂ, ಝೀರೋ ಹತ್ತಿರದಲ್ಲೇ ಇದೆ. ತೆರೆದ ಎ (ಬಾಯಿ ಅಗಲಿಸಿ ಹೇಳೋದು), ಮುಚ್ಚಿದ ಎ (ಕಡಿಮೆ ತೆರೆದು ಹೇಳೋದು) ಬೇರೆ ಅನ್ನೋದೂ ಕೊಂಕಣಿ ಕಿವಿಗೆ ಗೊತ್ತು, ಹಾಗಾಗಿ ಪೆನ್-ಪ್ಯಾನ್ ಬೇಗ ಹಿಡಿಯುತ್ತಾರೆ. ಕನ್ನಡದ ಮಗುವಿಗೆ ಬ್ಯಾಗು, ಬ್ಯಾಂಕು ಅನ್ನೋ ಬಳಕೆಯ ಮಾತಿನಿಂದ ಆ ಸದ್ದು ಎತ್ತಿಕೊಡಿ. ಎಫ್ ಸರಿಯಾಯ್ತಾ ಅಂತ ನೋಡಲು ಮೂರು ಸೆಕೆಂಡು ಎಳೆಯಲು ಹೇಳಿ. ಮೇಲಿನ ಹಲ್ಲು ಕೆಳತುಟಿಗೆ ತಾಗಿದ್ದರೆ ಎಳೆಯಬಹುದು, ಎರಡೂ ತುಟಿ ಮುಚ್ಚಿ ‘ಫ’ ಅಂದರೆ ಎಳೆಯಲು ಬರೋದೇ ಇಲ್ಲ. ವಿ-ಡಬ್ಲ್ಯೂ ವ್ಯತ್ಯಾಸಕ್ಕೆ ಸಮಯ ಹಾಕಬೇಡಿ, ನಮ್ಮ ದೇಶದಲ್ಲಿ ಅದರಿಂದ ಯಾರಿಗೂ ಅರ್ಥ ತಪ್ಪೋದಿಲ್ಲ.

ಕನ್ನಡದ ಮಕ್ಕಳದು ಇನ್ನೊಂದು: ಎಗ್ ‘ಯೆಗ್’ ಆಗುತ್ತೆ, ಓನ್ಲಿ ‘ವೋನ್ಲಿ’. ಬಿಡಿಯಾಗಿ ತಿದ್ದಿದರೆ ಹೋಗಲ್ಲ. ಹಿಂದೆ ಆ್ಯನ್ ಸೇರಿಸಿ ಒಂದೇ ಉಸಿರಿನಲ್ಲಿ ‘ಅನೆಗ್’ ಅನ್ನಿಸಿ, ‘ಯ’ ತಾನಾಗಿ ಉದುರುತ್ತೆ. ಆ್ಯನ್ ಎಲ್ಲಿ ಬರಬೇಕು ಅನ್ನೋದೂ ಬಾಯಿಗೆ ಕೂರುತ್ತೆ. ‘ಬಸ್ಸು’ ಅನ್ನುವ ಕೊನೆಯ ಉಕಾರಕ್ಕೂ ಇದೇ ದಾರಿ, ‘ಬಸ್ ಈಸ್’ ಅನ್ನು ‘ಬಸ್ಸೀಸ್’ ಅಂತ ಕೂಡಿಸಿ.

ಪಾಠ ಮುಗಿಸೋದಕ್ಕೆ: ಕಥೆಯನ್ನು ಮೊದಲು ಮೂರು ನಿಮಿಷ ಕನ್ನಡದಲ್ಲೇ ಹೇಳಿಬಿಡಿ, ಗುಟ್ಟೇನಿಲ್ಲ. ಆಮೇಲೆ ಕಥೆಯ ಎಂಟು ವಾಕ್ಯ ಕತ್ತರಿಸಿ ಕಲಸಿ ಕೊಟ್ಟು ಕ್ರಮಕ್ಕೆ ಜೋಡಿಸಲಿ. ಅರ್ಥ ಮೊದಲೇ ಗೊತ್ತಿರೋದರಿಂದ ಗಮನವೆಲ್ಲ ಓದಿನ ಮೇಲೇ ಇರುತ್ತೆ, ಪಾಠವೂ ಮುಂದೆ ಹೋಗುತ್ತೆ.

ತೋಟದಮನೆ

ನಡುವೆ ಬಾಯಿ ಹಾಕ್ತಿದ್ದೇನೆ. ಶಿರಸಿ ಹತ್ತಿರ ಹೋಮ್‌ಸ್ಟೇ ನಡೆಸುವ ದೊಡ್ಡವರಿಗೆ ಇದೇ ಕ್ರಮ ಆಗುತ್ತಾ? ಓದಲು ಬರುತ್ತೆ, ವಿದೇಶಿಯರು ಬಂದರೆ ಬಾಯಿ ಕಟ್ಟುತ್ತೆ.

ಘಟ್ಟದ_ಮೇಲಿಂದ

ಅವರಿಗೆ ಫೋನಿಕ್ಸೂ ಬೇಡ, ರೈಲೂ ಬೇಡ. 30 ಇಡೀ ವಾಕ್ಯ, ಪ್ರತಿಯೊಂದರಲ್ಲೂ ಒಂದು ಖಾಲಿ ಜಾಗ: ಬಿಸಿನೀರು ಎಷ್ಟೊತ್ತಿಗೆ, ಊಟಕ್ಕೆ ಏನು ಆಗೋದಿಲ್ಲ, ಯಾಣಕ್ಕೆ ಎಷ್ಟು ನಡೆಯಬೇಕು, ಕೊನೆಯ ಬಸ್ ಯಾವಾಗ. ದಿನಕ್ಕೆ ಮೂರು, 1, 3, 7, 14ನೇ ದಿನ ತಿರುಗಿ ಹೇಳಿಸಿ. ‘ಟುಡೇ ಈವನಿಂಗ್’ ಬದಲು ‘ದಿಸ್ ಈವನಿಂಗ್’. ‘ಔಟ್ ಆಫ್ ಸ್ಟೇಷನ್’, ‘ಡೂ ಒನ್ ಥಿಂಗ್’ ಹೊರದೇಶದವರಿಗೆ ತಿಳಿಯೋದಿಲ್ಲ, ಬಿಡಿಸಿ.

ಮರ್ಯಾದೆಯ ವಿಷಯ ಮಾತ್ರ ಮೊದಲ ದಿನವೇ ಹೇಳಿ. ನಮ್ಮ ‘ಬನ್ನಿ’, ‘ಕೊಡಿ’, ‘ಕೂತ್ಕೊಳ್ಳಿ’ಯಲ್ಲಿ ಮರ್ಯಾದೆ ಕ್ರಿಯಾಪದದೊಳಗೇ ಇದೆ. ಅದನ್ನೇ ‘ಕಮ್’, ‘ಗಿವ್ ಪಾಸ್‌ಪೋರ್ಟ್’, ‘ಸಿಟ್’ ಅಂದರೆ ಹೇಳುವವರ ಮನಸ್ಸಿನಲ್ಲಿ ಬಹುವಚನ ಇದ್ದರೂ ಕೇಳುವವರಿಗೆ ಅಪ್ಪಣೆ. ‘ಕುಡ್ ಐ ಸೀ ಯುವರ್ ಪಾಸ್‌ಪೋರ್ಟ್, ಪ್ಲೀಸ್?’, ‘ಪ್ಲೀಸ್ ಕಮ್ ಇನ್’, ‘ವುಡ್ ಯು ಲೈಕ್ ಸಮ್ ಟೀ?’ – 30ರ ಪಟ್ಟಿ ಈ ಮೂರರಿಂದ ಶುರುವಾಗಲಿ.