ಕಣ್ಣಿಗೆ ಬ್ಲರ್ ಕಾಣತ್ತೆ, ಫೋಟೋದಲ್ಲಿ ಇಲ್ಲ! ಮಾನಿಟರ್ ಬ್ಲರ್ ಅಳೆಯೋದು ಹೇಗೆ?

ಎಸ್‌ಪಿರೋಡ್_ಸುತ್ತಾಟ:
ಎಸ್‌ಪಿ ರೋಡಲ್ಲಿ ತಗೊಂಡ 144 ಹರ್ಟ್ಜ್ ಐಪಿಎಸ್ ಮಾನಿಟರ್, ಡಬ್ಬದ ಮೇಲೆ 1 ಎಂಎಸ್ (ಮಿಲಿಸೆಕೆಂಡ್) ಅಂತ ಇಷ್ಟು ದಪ್ಪಕ್ಕೆ ಬರ್ದಿದಾರೆ. ಟೆಸ್ಟ್‌ಯುಎಫ್‌ಒ ಅಂತ ಹಾರುವ ತಟ್ಟೆ ಓಡಿಸಿ ಬ್ಲರ್ ತೋರಿಸೋ ವೆಬ್‌ಸೈಟ್ ಹಾಕಿ ಸೆಕೆಂಡಿಗೆ 960 ಪಿಕ್ಸೆಲ್ ಸ್ಪೀಡಲ್ಲಿ ನೋಡಿದ್ರೆ ತಟ್ಟೆ ಅಂಚೆಲ್ಲಾ ಮಸುಕು ಮಸುಕು, ಸರಿ ನೋಡೋಣ ಅಂತ ಫೋನಲ್ಲಿ 1/1000 ಶಟರ್ ಇಟ್ಟು ಹೊಡೆದ್ರೆ ಫೋಟೋ ಸಖತ್ ಶಾರ್ಪ್, ಹಿಂದ್ಗಡೆ ಸಣ್ಣ ನೆರಳು ಅಷ್ಟೇ. ಪ್ಯಾನೆಲ್ ಕೆಟ್ಟಿದ್ಯಾ ನನ್ನ ಕಣ್ಣು ಕೆಟ್ಟಿದ್ಯಾ? ಗೊತ್ತಿರೋರು ಹೇಳ್ರಪ್ಪ, ವಾಪಸ್ ಕೊಡೋ ಟೈಮ್ ಮುಗೀತಾ ಬಂತು.

ಗಾಂಧಿಬಜಾರ್_ಪಿಕ್ಸೆಲ್:
ಎರಡೂ ಕೆಟ್ಟಿಲ್ಲ ಸಾರ್. ಫೋನ್ ನಿಂತಲ್ಲೇ ನಿಂತಿತ್ತು, ನಿಮ್ಮ ಕಣ್ಣು ತಟ್ಟೆ ಜೊತೆ ಓಡ್ತಾ ಇತ್ತು. ಎಲ್‌ಸಿಡಿ ಒಂದು ಫ್ರೇಮ್ ತೋರಿಸಿದ್ರೆ ಇನ್ನೊಂದು ಬರೋವರ್ಗೂ ಅದನ್ನೇ ಹಿಡ್ಕೊಂಡು ಕೂತಿರತ್ತೆ, ಅಷ್ಟೊತ್ತಿಗೆ ಕಣ್ಣು ಮುಂದೆ ಹೋಗಿರತ್ತೆ, ಆ ಗ್ಯಾಪೇ ಬ್ಲರ್. 960 ಸ್ಪೀಡಿಗೆ 60 ಹರ್ಟ್ಜಲ್ಲಿ 16 ಪಿಕ್ಸೆಲ್, 144ರಲ್ಲಿ ಹತ್ತತ್ರ 7. ಡಬ್ಬದ ಮೇಲಿನ 1 ಎಂಎಸ್ ಸಾಮಾನ್ಯವಾಗಿ ಜಿಟಿಜಿ, ಪಿಕ್ಸೆಲ್ ಒಂದು ಬೂದು ಶೇಡಿಂದ ಇನ್ನೊಂದಕ್ಕೆ ಹೋಗೋ ಟೈಮು, ಅದನ್ನೂ 10ರಿಂದ 90 ಪರ್ಸೆಂಟ್ ತನಕ ಮಾತ್ರ ಲೆಕ್ಕ ಹಾಕ್ತಾರೆ ಕಿಲಾಡಿಗಳು. ಅದು ಸೊನ್ನೆ ಆದ್ರೂ ಆ 7 ಪಿಕ್ಸೆಲ್ ಎಲ್ಲೂ ಹೋಗಲ್ಲ.

ಅಳೀಬೇಕು ಅಂದ್ರೆ ಕ್ಯಾಮೆರಾನೂ ಓಡ್ಬೇಕು, ಪರ್ಸೂಟ್ ಕ್ಯಾಮೆರಾ ಅಂತಾರೆ. ಸ್ಲೈಡರ್‌ಗೆಲ್ಲ ದುಡ್ಡು ಸುರೀಬೇಡಿ. ನೆಟ್ಟಗಿರೋ ಹಲಗೆ ಒಂದನ್ನ ಸ್ಕ್ರೀನಿಗೆ ಸಮನಾಗಿ ಇಟ್ಟು ಫೋನನ್ನ ಅದಕ್ಕೆ ಒತ್ತಿ ಜಾರಿಸಿ, ಪ್ರೋ ಮೋಡಲ್ಲಿ ಶಟರ್ 1/30 ಮಾಡಿ, ಫೋಕಸ್ ಲಾಕ್ ಮಾಡಿ. 144 ಹರ್ಟ್ಜಲ್ಲಿ ಅಷ್ಟರಲ್ಲಿ ನಾಲ್ಕೈದು ಫ್ರೇಮ್ ಬರತ್ತೆ, ಅಷ್ಟು ಬೇಕೇ ಬೇಕು. ತಟ್ಟೆ ಹತ್ರ ಏಣಿ ಥರ ಸಿಂಕ್ ಟ್ರ್ಯಾಕ್ ಇರತ್ತಲ್ಲ, ಫೋಟೋದಲ್ಲಿ ಅದು ಓರೆ ಆಗಿದ್ರೆ ನಿಮ್ಮ ಕೈ ಸ್ಪೀಡ್ ಹೊಂದಿಲ್ಲ ಅಂತ, ಎಸೀರಿ. ನೆಟ್ಟಗೆ ನಿಂತಿದ್ದು ಮಾತ್ರ ಇಟ್ಕೊಳಿ.

ಎಸ್‌ಪಿರೋಡ್_ಸುತ್ತಾಟ:
ಕೈ ನೋಯೋವರ್ಗೂ ಜಾರಿಸ್ದೆ, ಕೊನೆಗೂ ಏಣಿ ನೆಟ್ಟಗೆ ಬಂತು. ಕಣ್ಣಿಗೆ ಕಂಡಷ್ಟೇ ಬ್ಲರ್ ಫೋಟೋದಲ್ಲೂ ಇದೆ. ಆದ್ರೆ ತಟ್ಟೆ ಹಿಂದೆ ಬೆಳ್ಳಗೆ ಒಂದು ಗೆರೆ, ಅದೇನು?

ಗಾಂಧಿಬಜಾರ್_ಪಿಕ್ಸೆಲ್:
ಓವರ್‌ಡ್ರೈವ್ ಜಾಸ್ತಿಯಾಗಿದೆ. ಪಿಕ್ಸೆಲ್‌ಗೆ ವೋಲ್ಟೇಜ್ ಹೆಚ್ಚು ಕೊಟ್ಟು ಬೇಗ ತಳ್ಳತ್ತೆ, ಅದು ಗುರಿ ದಾಟಿ ಆಮೇಲೆ ವಾಪಸ್ ಬರತ್ತೆ. ಮೆನುನಲ್ಲಿ ಒಂದು ಹಂತ ಇಳಿಸಿ.

ಎಸ್‌ಪಿರೋಡ್_ಸುತ್ತಾಟ:
ಇಳಿಸ್ದೆ, ಗೆರೆ ಹೋಯ್ತು. ಮಾನಿಟರ್ ಇಟ್ಕೋತೀನಿ. ಬ್ಯಾಕ್‌ಲೈಟ್ ಸ್ಟ್ರೋಬ್ (ಪ್ರತಿ ಫ್ರೇಮಿಗೂ ಬೆಳಕು ಒಂದ್ಸಲ ಮಿಂಚಿ ಆರೋದು) ಆನ್ ಮಾಡಿದ್ರೆ ಆ 7ನೂ ಕಮ್ಮಿ ಆಗತ್ತಾ?

ಗಾಂಧಿಬಜಾರ್_ಪಿಕ್ಸೆಲ್:
ಆಗತ್ತೆ, ಬೆಳಕೂ ಕಮ್ಮಿ ಆಗತ್ತೆ. ಗೇಮ್ ಸೆಕೆಂಡಿಗೆ 144 ಫ್ರೇಮ್ ಬಿಡದೆ ಓಡಿದ್ರೆ ಹಾಕಿ, ಇಲ್ಲಾಂದ್ರೆ ಒಂದು ತಟ್ಟೆ ಎರಡೆರಡು ಕಾಣತ್ತೆ.