ನಿವೃತ್ತ ಹೆಡ್‌ಮಿಸ್ ‘ಕದಿ’ ತೆಗೆದುಬಿಟ್ಟರು! ಈ ಆಟ ಮತ್ತೆ ಆಡಿಸಬಹುದಾ?

ಪ್ರಶ್ನೆ: ಕ್ಯಾಶ್‌ಕೌಂಟರ್_ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಹಕಾರ ಬ್ಯಾಂಕಿನಲ್ಲಿ ಕ್ಯಾಶಿಯರ್. ಬೆಳಗ್ಗೆಯಿಂದ ಸಂಜೆತನಕ ಬೇರೆಯವರ ದುಡ್ಡು ಎಣಿಸೋದೇ ಕೆಲಸ. ನೋಟು ಕಂಡಾಗ ಜನರ ಮುಖ ಹೇಗಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು ಅನ್ನೋ ಜಂಬ ಇತ್ತು. ಗಣೇಶನ ಹಬ್ಬದಲ್ಲಿ ಇಳೀತು.

ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ಮೂರನೇ ದಿನ ವಿಸರ್ಜನೆಗೆ ಮುಂಚೆ ಒಂದು ಗಂಟೆ ಖಾಲಿ ಇತ್ತು. ಮ್ಯೂಸಿಕಲ್ ಚೇರು, ನಿಂಬೆಹಣ್ಣು-ಚಮಚ ಎಲ್ಲಾ ಮುಗಿದಿತ್ತು. ಕಮಿಟಿಯವರು ‘ನೀವು ಯೂಟ್ಯೂಬ್ ನೋಡ್ತಾನೇ ಇರ್ತೀರಲ್ಲ, ಏನಾದ್ರೂ ಹೊಸದು ಮಾಡಿ’ ಅಂದರು. ಆಗ ನಾನು ‘ಗೋಲ್ಡನ್ ಬಾಲ್ಸ್’ ಅನ್ನೋ ಬ್ರಿಟಿಷ್ ಆಟದ ತುಣುಕುಗಳನ್ನ ನೋಡ್ತಿದ್ದೆ. ಅದರ ಕೊನೇ ಭಾಗ ಮಾತ್ರ ತಗೊಂಡೆ. ಇಬ್ಬರು ಎದುರುಬದುರು. ಇಬ್ಬರ ಹತ್ರನೂ ಎರಡೆರಡು ಚೆಂಡು, ಒಂದರಲ್ಲಿ ‘ಹಂಚು’, ಇನ್ನೊಂದರಲ್ಲಿ ‘ಕದಿ’. ಇಬ್ಬರೂ ಹಂಚು ತೆಗೆದರೆ ಅರ್ಧರ್ಧ. ಒಬ್ಬರು ಹಂಚು, ಇನ್ನೊಬ್ಬರು ಕದಿ ಅಂದ್ರೆ ಕದ್ದವರಿಗೆ ಪೂರ್ತಿ. ಇಬ್ಬರೂ ಕದ್ದರೆ ಇಬ್ಬರಿಗೂ ಚಿಪ್ಪು. ಚೆಂಡಿಗೆ ಎಲ್ಲಿ ಹೋಗೋದು? ಮಕ್ಕಳು ತಿಂದು ಬಿಸಾಕಿದ್ದ ಕಿಂಡರ್ ಜಾಯ್ ಪ್ಲಾಸ್ಟಿಕ್ ಮೊಟ್ಟೆಗಳನ್ನ ತೊಳೆದು ಬಂಗಾರದ ಬಣ್ಣದ ಗಿಫ್ಟ್ ಪೇಪರ್ ಸುತ್ತಿದೆ. ಎಷ್ಟು ಚೆನ್ನಾಗಿತ್ತು ಗೊತ್ತಾ! ಒಳಗೆ ಕ್ಯಾಲೆಂಡರ್ ಹಾಳೆ ಹರಿದು ಬರೆದ ಚೀಟಿ. ಬಹುಮಾನ 2,000 ರೂಪಾಯಿ, ನಾಲ್ಕು ಐನೂರರ ನೋಟು, ಗಣಪತಿ ಮುಂದಿನ ತಟ್ಟೆಯಲ್ಲಿ.

ಒಬ್ಬರಿಗೊಬ್ಬರು ಅಷ್ಟು ಪರಿಚಯ ಇಲ್ಲದವರೇ ಬೇಕಿತ್ತು. ಮೂರನೇ ಮಹಡಿಯಲ್ಲಿ ಬಾಡಿಗೆಗಿರೋ ಹಿರಿಯೂರಿನ ಕಡೆಯ ಒಬ್ಬ ಹುಡುಗ, ಕೆಲಸಕ್ಕೆ ಸೇರಿ ವರ್ಷ ಆಗಿಲ್ಲ. ಎದುರಿಗೆ ನೆಲಮಹಡಿಯ ಹೆಡ್‌ಮಿಸ್, ಸರ್ಕಾರಿ ಶಾಲೆಯಿಂದ ನಿವೃತ್ತರು. ಹುಡುಗ ಗಣಪತಿ ಕಡೆ ಕೈ ತೋರಿಸಿ ‘ಇವನಾಣೆಗೂ ಹಂಚ್ತೀನಿ ಮೇಡಂ’ ಅಂದ. ಅವರು ‘ಆಯ್ತಪ್ಪ’ ಅಂದರು, ಅಷ್ಟೇ. ಅವನು ತೆಗೆದಿದ್ದು ಹಂಚು. ಅವರು ತೆಗೆದಿದ್ದು ಕದಿ.

ಯಾರೂ ನಗಲಿಲ್ಲ. ಪ್ರಸಾದದ ದೊನ್ನೆ ಹಿಡ್ಕೊಂಡು ನಿಂತಿದ್ದ ಮಕ್ಕಳೂ ಸುಮ್ಮನಾದವು. ಹೆಡ್‌ಮಿಸ್ ನಾಲ್ಕೂ ನೋಟು ಮಡಿಚಿ ಪರ್ಸಿಗೆ ಹಾಕ್ಕೊಂಡು, ‘ಮೂವತ್ತನಾಲ್ಕು ವರ್ಷ ಪಾಠ ಮಾಡಿದೀನಿ. ಕೇಳದೇ ಇದ್ರೂ ಆಣೆ ಇಡೋ ಹುಡುಗರು ನನಗೆ ಗೊತ್ತು’ ಅಂದರು. ಆ ಹುಡುಗ ಈಗ ಲಿಫ್ಟ್ ಬಾಗಿಲು ತೆಗೆದಾಗ ಅವರಿದ್ರೆ ಮೆಟ್ಟಿಲು ಹತ್ತಿ ಹೋಗ್ತಾನೆ.

ರಾಜ್ಯೋತ್ಸವಕ್ಕೆ ಮತ್ತೆ ಆಡಿಸಿ ಅಂತ ಅರ್ಧ ಜನ, ಬೇಡವೇ ಬೇಡ ಅಂತ ಅರ್ಧ ಜನ. ನನ್ನ ಪ್ರಶ್ನೆ: ಬರೀ ಬಾಯಿಮಾತಿನಿಂದ ಎದುರಿನವರು ಹಂಚೋ ಹಾಗೆ ಮಾಡೋಕೆ ಏನಾದ್ರೂ ದಾರಿ ಇದೆಯಾ? ಅಥವಾ ಈ ಆಟವೇ ಜಗಳ ಹಚ್ಚೋಕೆ ಮಾಡಿದ್ದಾ?

———

ಉತ್ತರ: ಲೆಸ್ಟರ್‌ದೋಸೆ

ಅಕ್ಕಾ, ಕಿಂಡರ್ ಜಾಯ್ ಉಪಾಯಕ್ಕೆ ನೂರು ಅಂಕ. ಆದರೆ ನೀವು ಬಾಳೆಲೆ ಹಾಕಿ ನೇರ ಪಾಯಸ ಬಡಿಸಿದ ಹಾಗಾಯ್ತು. ಮುಂಚಿನದೆಲ್ಲ ಬಿಟ್ಟಿದ್ದೀರಿ.

ಅದು ಇಲ್ಲಿ ಬ್ರಿಟನ್ನಿನ ಐಟಿವಿ ಚಾನೆಲ್ಲಿನಲ್ಲಿ 2007ರಿಂದ 2009ರವರೆಗೆ ಬರ್ತಿತ್ತು, ನಡೆಸಿಕೊಡ್ತಿದ್ದವರು ಹಾಸ್ಯಗಾರ ಜಾಸ್ಪರ್ ಕ್ಯಾರಟ್. ನಾನು ಬ್ರಿಟನ್ನಿಗೆ ಬಂದ ಹೊಸತು, ಮಧ್ಯಾಹ್ನ ಶಿಫ್ಟ್ ಇಲ್ಲದ ದಿನ ಇದೇ ನನ್ನ ಇಂಗ್ಲಿಷ್ ಟ್ಯೂಷನ್. ಶುರುವಿನಲ್ಲಿ ನಾಲ್ಕು ಜನ ಅಪರಿಚಿತರು. ನೂರು ಚೆಂಡುಗಳಲ್ಲಿ 10 ಪೌಂಡಿನಿಂದ 75,000 ಪೌಂಡಿನವರೆಗೆ ಮೊತ್ತ. ಅದರಲ್ಲಿ ಹನ್ನೆರಡು ಬೀಳುತ್ತೆ, ಜೊತೆಗೆ ದುಡ್ಡು ಕರಗಿಸೋ ನಾಲ್ಕು ‘ಕಿಲ್ಲರ್’ ಚೆಂಡು ಸೇರಿಸ್ತಾರೆ. ಒಬ್ಬೊಬ್ಬರಿಗೆ ನಾಲ್ಕು. ಎರಡನ್ನ ಎಲ್ಲರೆದುರು ತೆಗೀಬೇಕು, ಹಿಂದಿನ ಸಾಲಿನ ಎರಡನ್ನ ತಾವೊಬ್ಬರೇ ನೋಡ್ಕೊಂಡು ಮುಚ್ಚಬೇಕು. ಆಮೇಲೆ ಶುರು ನೋಡಿ ಸುಳ್ಳಿನ ಸಂತೆ! ಕಿಲ್ಲರ್ ಇಟ್ಕೊಂಡವರು ‘ನನ್ನ ಹತ್ರ ಇಪ್ಪತ್ತು ಸಾವಿರ ಇದೆ’ ಅಂತಾರೆ. ಓಟು ಹಾಕಿ ಒಬ್ಬರನ್ನ ಕಳಿಸಿದ ಮೇಲೆ ಎಲ್ಲರ ಚೆಂಡೂ ಬಯಲಾಗುತ್ತೆ, ಯಾರು ಸುಳ್ಳು ಹೇಳಿದ್ದು ಅಂತ ಅಲ್ಲೇ ಗೊತ್ತಾಗುತ್ತೆ. ಮತ್ತೊಂದು ಸುತ್ತು, ಮತ್ತೊಬ್ಬರು ಔಟ್. ಉಳಿದ ಇಬ್ಬರು ಸೇರಿ ಐದು ಚೆಂಡು ಗೆಲ್ಲಬೇಕು, ಅದರಲ್ಲಿ ಕಿಲ್ಲರ್ ಬಂದರೆ ಅಲ್ಲಿವರೆಗಿನ ದುಡ್ಡು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ.

ಅಂದ್ರೆ ಹಂಚು-ಕದಿ ಹೊತ್ತಿಗೆ ಅವರು ಅಪರಿಚಿತರಾಗಿ ಉಳಿದಿರಲ್ಲ. ಎದುರಿನವರು ಎಂಥವರು ಅಂತ ಅಂದಾಜು ಮಾಡೋಕೆ ಪುರಾವೆ ಇರುತ್ತೆ. ಅಷ್ಟಿದ್ದೂ ಏಮಾರ್ತಾರೆ ಅನ್ನೋದು ಬೇರೆ ಮಾತು. 1,00,150 ಪೌಂಡಿನ ಒಂದು ಕಂತು ಇದೆ. ಒಬ್ಬ ಹೆಂಗಸು, ಒಬ್ಬ ಗಂಡಸು. ಇಬ್ಬರೂ ಹಂಚ್ತೀವಿ ಅಂದರು, ಆಕೆ ಕದ್ದರು. ಆ ಮನುಷ್ಯನ ಮುಖ ನೋಡಿ ನನಗೆ ಅವತ್ತು ಊಟ ಸೇರಲಿಲ್ಲ.

ನಿಮ್ಮ ಹೆಡ್‌ಮಿಸ್ಸಿಗೆ ಸಿಕ್ಕಿದ್ದು ಒಂದು ಆಣೆ ಮಾತ್ರ. ಅವರು ಇನ್ನೇನು ನಂಬಬೇಕಿತ್ತು?

ಈಗ ಇಲ್ಲಿ ಎಲ್ಲರ ಬಾಯಲ್ಲೂ ‘ದಿ ಟ್ರೇಟರ್ಸ್’ ಅನ್ನೋ ಇನ್ನೊಂದು ಸುಳ್ಳಿನ ಟೀವಿ ಆಟ. ಹಾಲೆಂಡಿನಲ್ಲಿ 2021ರಲ್ಲಿ ಹುಟ್ಟಿ, ಮುಂದಿನ ವರ್ಷ ಬಿಬಿಸಿಗೆ ಬಂತು, ಸ್ಕಾಟ್ಲೆಂಡಿನ ಒಂದು ಕೋಟೆಯಲ್ಲಿ ಆಡಿಸ್ತಾರೆ. ಅದರ ಹಿಂದಿ ಅವತಾರ 2025ರಲ್ಲಿ ಕರಣ್ ಜೋಹರ್ ಮಾಡಿದರು, ಆದರೆ ಅಲ್ಲಿ ಬಂದವರೆಲ್ಲ ಸೆಲೆಬ್ರಿಟಿಗಳು. ಕ್ಯಾಮೆರಾ ಮುಂದೆ ನಟಿಸೋದೇ ಕಸುಬಾದವರ ಸುಳ್ಳಿನಲ್ಲಿ ಏನು ಮಜಾ?

———

ಉತ್ತರ: ಲೆಕ್ಕದಮೇಷ್ಟ್ರು

ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳ್ತೀನಿ. ಈ ಆಟ ನಮ್ಮ ಪಾಲಿಗೆ ಹಬ್ಬದೂಟ, ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಹೆಡ್‌ಮಿಸ್ ಜಾಗದಲ್ಲಿ ಕೂತು ನೋಡಿ. ಹುಡುಗ ಹಂಚು ಹಾಕಿದ್ದಾನೆ ಅಂದ್ಕೊಳ್ಳಿ: ಹಂಚಿದರೆ ಸಾವಿರ, ಕದ್ದರೆ ಎರಡು ಸಾವಿರ. ಹುಡುಗ ಕದಿ ಹಾಕಿದ್ದಾನೆ ಅಂದ್ಕೊಳ್ಳಿ: ಏನು ಹಾಕಿದರೂ ಸೊನ್ನೆ. ಎಲ್ಲರೂ ಇದನ್ನ ‘ಕೈದಿಗಳ ಪೇಚು’ ಅಂತಾರೆ, ಎದುರಿನವನನ್ನ ನಂಬೋದಾ ಕೈ ಕೊಡೋದಾ ಅನ್ನೋ ಲೆಕ್ಕದ ಆಟ, 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಗಣಿತಜ್ಞರು ಹೊಸೆದದ್ದು. ಅದಕ್ಕೂ ಇದಕ್ಕೂ ಒಂದು ಕೂದಲೆಳೆ ವ್ಯತ್ಯಾಸ ಇದೆ. ಅಲ್ಲಿ ಎದುರಿನವನು ಕೈ ಕೊಟ್ಟರೆ ನೀವೂ ಕೈ ಕೊಟ್ಟು ಒಂಚೂರಾದರೂ ಉಳಿಸಿಕೊಳ್ಳಬಹುದು. ಇಲ್ಲಿ ಕಳ್ಳನ ಎದುರು ಕಳ್ಳತನ ಮಾಡಿದರೆ ಹುಟ್ಟೋದು ಒಂದೇ: ನನಗೆ ಒಂದು ಕಣ್ಣು ಹೋದರೂ ಸರಿ, ಅವನಿಗೆ ಎರಡೂ ಹೋಗಲಿ ಅನ್ನೋ ಸಮಾಧಾನ.

ನೀವು ಕೇಳಿದ ಬಾಯಿಮಾತಿನ ದಾರಿ ಈ ಕೂದಲೆಳೆ ಸಂದಿಯಲ್ಲೇ ಇದೆ. 13,600 ಪೌಂಡಿನ ಒಂದು ಕಂತು ಹುಡುಕಿ ನೋಡಿ. ಒಬ್ಬ ಆಟಗಾರ ಎಲ್ಲರ ಹಾಗೆ ‘ಹಂಚ್ತೀನಿ’ ಅನ್ನಲೇ ಇಲ್ಲ. ‘ನಾನು ಕದಿಯೋದು ನೂರಕ್ಕೆ ನೂರು ಖಚಿತ. ನೀನು ಹಂಚು ತೆಗಿ, ಆಟ ಮುಗಿದ ಮೇಲೆ ನಿನಗೆ ಅರ್ಧ ಕೊಡ್ತೀನಿ’ ಅಂತ ಹಟ ಹಿಡಿದ. ಎದುರಿನವನು ಕೂಗಾಡಿದ, ಬೈದ, ತಲೆ ಚಚ್ಚಿಕೊಂಡ. ಆದರೆ ಲೆಕ್ಕ ನೋಡಿ: ಇವನು ಕದಿಯೋದು ಖಚಿತ ಅಂದಮೇಲೆ ತಾನೂ ಕದ್ದರೆ ಸೊನ್ನೆ ಗ್ಯಾರಂಟಿ. ಹಂಚಿದರೆ ಅರ್ಧದ ಆಸೆಯಾದರೂ ಉಂಟು. ಕೊನೆಗೆ ಬೇರೆ ದಾರಿ ಕಾಣದೆ ಹಂಚು ತೆಗೆದ. ಮೊದಲನೆಯವನ ಚೆಂಡು ತೆಗೆದರೆ, ಅದೂ ಹಂಚು! ಕದೀತೀನಿ ಅಂದಿದ್ದೇ ಸುಳ್ಳು. ಮೋಸ ಹೋದವನು ಮುಂದೆ ಅಮೆರಿಕದ ಒಂದು ರೇಡಿಯೊದಲ್ಲಿ ಒಪ್ಪಿಕೊಂಡ: ತಾನು ಮೊದಲಿಂದ ಕದಿಯಬೇಕು ಅಂತಲೇ ಇದ್ದನಂತೆ.

ಇನ್ನೊಂದು. ಇದರ ಕಂತುಗಳನ್ನ ಗುಡ್ಡೆ ಹಾಕಿಕೊಂಡು ಮೂವರು ಅರ್ಥಶಾಸ್ತ್ರಜ್ಞರು 2012ರಲ್ಲಿ ಒಂದು ಪ್ರಬಂಧ ಬರೆದರು, ಅವರಲ್ಲಿ ಒಬ್ಬರು ಮುಂದೆ ನೊಬೆಲ್ ಪಡೆದ ರಿಚರ್ಡ್ ಥೇಲರ್. ಹಂಚಿದವರು ಶೇ. 53ರಷ್ಟು. ನಾಣ್ಯ ಚಿಮ್ಮಿದ ಹಾಗೇ ಅಂತ ನನ್ನ ವಿದ್ಯಾರ್ಥಿಗಳು ನಗ್ತಾರೆ. ನಾನು ಹೇಳೋದು, ಬರೀ ಲೆಕ್ಕ ನೋಡಿದರೆ ಒಬ್ಬರೂ ಹಂಚಬೇಕಾಗಿರಲಿಲ್ಲ ಕಣ್ರೋ, ಅರ್ಧಕ್ಕಿಂತ ಹೆಚ್ಚು ಜನ ಹಂಚಿದ್ದಾರಲ್ಲ, ಅದನ್ನ ನೋಡಿ. ಮುಂಚಿನ ಸುತ್ತಿನಲ್ಲಿ ತನ್ನ ವಿರುದ್ಧ ಓಟು ಹಾಕಿದವರ ಜೊತೆ ಹಂಚೋದು ಕಮ್ಮಿ ಅಂತಲೂ ಅದರಲ್ಲಿದೆ. ನಮ್ಮ ಸ್ಟಾಫ್ ರೂಮಿನ ಹಾಗೇ.

———

ಉತ್ತರ: ಮೂರನೇಚೀಟಿ

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ಆದರೆ ‘ಆಮೇಲೆ ಅರ್ಧ ಕೊಡ್ತೀನಿ’ ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ.

ನಮ್ಮಪ್ಪ ಚೀಟಿ ನಡೆಸ್ತಿದ್ದರು. 20 ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಮೂರನೇ ತಿಂಗಳು ಸಿಕ್ಕಾಪಟ್ಟೆ ಕೂಗಿ, ಲಾಸಿಗೆ ಎತ್ತಿಕೊಂಡವನು ‘ಮಗಳ ಮದುವೆ, ತಿಂಗಳು ತಿಂಗಳು ತಪ್ಪದೆ ಕಟ್ತೀನಿ ಅಣ್ಣ’ ಅಂದ. ಆರನೇ ತಿಂಗಳಿಗೆ ಮನೆಗೆ ಬೀಗ. ಉಳಿದ ಕಂತನ್ನೆಲ್ಲ ಅಪ್ಪ ಕೈಯಿಂದ ಕಟ್ಟಿದರು. ಅಮ್ಮನ ಬಳೆ ಹೋಗಿದ್ದು ಆವಾಗಲೇ. ತಮಾಷೆ ಅಂದ್ರೆ ಆ 20 ಜನರಲ್ಲಿ ಅವನನ್ನ ನಂಬಬೇಡಿ ಅಂತ ಅಪ್ಪನಿಗೆ ಹೇಳಿದ್ದು ಇಬ್ಬರು, ಆ ಇಬ್ಬರ ಮೇಲೇ ಅಪ್ಪ ಸಿಟ್ಟು ಮಾಡಿಕೊಂಡಿದ್ದರು. ಅದಾದ ಮೇಲೆ ಚೀಟಿ ಎತ್ತುವವರು ಇನ್ನೂ ಎತ್ತದೇ ಇರೋ ಒಬ್ಬರನ್ನ ಜಾಮೀನು ಕೊಡಬೇಕು ಅಂತ ಕಟ್ಟುನಿಟ್ಟು ಮಾಡಿದರು. ಯಾರೂ ಓಡಲಿಲ್ಲ.

ಅಕ್ಕಾ, ಆಣೆ ಬೇಡ. ಜಾಮೀನು ಕೇಳಿ ಅನ್ನಿ. ಆ ಟೀವಿ ಆಟದಲ್ಲಿ ಜಾಮೀನೇ ಇಲ್ಲ, ಅದಕ್ಕೇ ಅದು ಆಟ.

———

ಪ್ರಶ್ನೆ ಕೇಳಿದವರು: ಕ್ಯಾಶ್‌ಕೌಂಟರ್_ತುಮಕೂರು (ನವೆಂಬರ್‌ನಲ್ಲಿ ಸೇರಿಸಿದ್ದು)

ಮೂವರ ಮಾತೂ ಕೇಳಿದೆ. ಅದರ ಫಲ ಈಗ ಉಣ್ತಾ ಇದೀನಿ.

ರಾಜ್ಯೋತ್ಸವಕ್ಕೆ ಪಾಯಸ ಮಾತ್ರ ಅಲ್ಲ, ಕೋಸಂಬರಿಯಿಂದಲೇ ಬಡಿಸಿದೆ. ಬರೀ ಚೆಂಡಿಗೋಸ್ಕರ ಎಷ್ಟು ಕಿಂಡರ್ ಜಾಯ್ ಕೊಂಡೆ ಅಂತ ನಮ್ಮ ಯಜಮಾನರಿಗೆ ಹೇಳಿಲ್ಲ. ಕಿಲ್ಲರ್‌ಗೆ ‘ಕೊಳ್ಳಿ’ ಅಂತ ಹೆಸರಿಟ್ಟೆ. ನಾಲ್ಕು ಜನ ಕೂತರು. ಆ ಹುಡುಗ ತಾನಾಗೇ ಮುಂದೆ ಬಂದ. ಹೆಡ್‌ಮಿಸ್ಸೂ ಬಂದರು, ಬೇಡ ಅನ್ನೋಕೆ ಯಾರಿಗೂ ಧೈರ್ಯ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಎರಡೂ ಕೊಳ್ಳಿ ಇಟ್ಕೊಂಡು ಆ ಹುಡುಗ ‘ಐನೂರು, ಮುನ್ನೂರು’ ಅಂತ ಎಷ್ಟು ತಣ್ಣಗೆ ಹೇಳಿದ ಅಂದ್ರೆ ಕಮಿಟಿ ಕಾರ್ಯದರ್ಶಿಗೇ ಓಟು ಬಿದ್ದು ಅವರು ಎದ್ದು ಹೋಗಬೇಕಾಯ್ತು. ಹೆಡ್‌ಮಿಸ್ ಒಂದೇ ಒಂದು ಸುಳ್ಳು ಹೇಳಲಿಲ್ಲ. ಕೊನೆಗೆ ಉಳಿದಿದ್ದು ಯಾರು? ಅವರಿಬ್ಬರೇ. ತಟ್ಟೆಯಲ್ಲಿ 2,340 ರೂಪಾಯಿ.

ಹುಡುಗ ಈ ಚರ್ಚೆ ಓದಿದ್ದಾನೋ ಏನೋ ಅಂತ ನನಗೆ ಅನುಮಾನ. ನೆಟ್ಟಗೆ ಕೂತು, ‘ಮೇಡಂ, ಈ ಸಲ ನಾನು ಕದೀತೀನಿ. ನೀವು ಹಂಚು ತೆಗೀರಿ. ಅರ್ಧ ನಿಮಗೆ ತಂದು ಕೊಡ್ತೀನಿ’ ಅಂದ. ಎಲ್ಲರೂ ಹೋ ಅಂದರು. ಹೆಡ್‌ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕ್ಕೊಂಡು, ‘ಜಾಮೀನು ಯಾರು?’ ಅಂದರು.

ಹುಡುಗ ಸುತ್ತ ನೋಡಿದ. ಆಮೇಲೆ ನನ್ನ ಕಡೆ ಕೈ ತೋರಿಸಿ ‘ಕ್ಯಾಶಿಯರ್ ಆಂಟಿ’ ಅಂದ.

ಮೈಕು ನನ್ನ ಕೈಯಲ್ಲಿತ್ತು. 24 ಮನೆಯವರು ನೋಡ್ತಾ ಇದ್ದರು. ‘ಹೂಂ’ ಅಂದೆ. ಬ್ಯಾಂಕಿನಲ್ಲಿ ಸ್ವಂತ ನಾದಿನಿಯ ಸಾಲಕ್ಕೆ ಸಹಿ ಹಾಕದವಳು ನಾನು!

ಹೆಡ್‌ಮಿಸ್ ಹಂಚು ತೆಗೆದರು. ಇವನೂ ಹಂಚೇ ತೆಗೀತಾನೆ, ಮೇಷ್ಟ್ರು ಬರೆದ ಹಾಗೇ ಆಗುತ್ತೆ, ಎಲ್ಲರೂ ಚಪ್ಪಾಳೆ ಹೊಡೀತಾರೆ ಅಂತ ನಾನು ನಗ್ತಾ ನಿಂತಿದ್ದೆ. ಅವನು ತೆಗೆದಿದ್ದು ಕದಿ. ಹೇಳಿದ ಹಾಗೇ ಕದ್ದ! ದುಡ್ಡು ಜೇಬಿಗಿಟ್ಟು ಹೆಡ್‌ಮಿಸ್ ಕಾಲು ಮುಟ್ಟಿ ನಮಸ್ಕಾರ ಮಾಡಿ, ರಾತ್ರಿ ಬಸ್ಸಿಗೆ ಊರಿಗೆ ಹೋದ.

ಇವತ್ತಿಗೆ ಐದು ದಿನ. ಫೋನು ಸ್ವಿಚ್ ಆಫ್. ಅವರ ಊರಿನಲ್ಲಿ ನೆಟ್‌ವರ್ಕ್ ಸರಿ ಇಲ್ಲ ಅಂತ ಅವನ ರೂಮಿನವನು ಹೇಳ್ತಾನೆ. ಹೆಡ್‌ಮಿಸ್‌ಗೆ ಕೋಪ ಏನಿಲ್ಲ. ಬೆಳಗ್ಗೆ ನಾನು ಸ್ಕೂಟಿ ತೆಗೆಯೋವಾಗ ತುಳಸಿಕಟ್ಟೆ ಹತ್ರ ನಿಂತು, ‘ಬಂದನೇನಮ್ಮಾ?’ ಅಂತ ಕೇಳ್ತಾರೆ, ಹಾಜರಿ ಕೂಗೋ ಧಾಟಿಯಲ್ಲಿ. ‘ಇಲ್ಲ ಮೇಡಂ’ ಅಂತೀನಿ. ‘ಸರಿ’ ಅಂತಾರೆ.

1,170 ರೂಪಾಯಿ ಎಣಿಸಿ ಕವರಿನಲ್ಲಿ ಹಾಕಿ ಬ್ಯಾಗಿನಲ್ಲಿ ಇಟ್ಕೊಂಡಿದ್ದೀನಿ. ಇನ್ನೂ ಕೊಟ್ಟಿಲ್ಲ.