ಪದಚರ್ಚೆ: ಜಿಗಿಯದ ತುಣುಕಿಗೆ ‘ಜಿಗಿಯುವ ಜೀನ್’ ಎನ್ನಬಹುದೇ?

ಬಳಗದವರಿಗೆ ಶಿರಸಿಯಿಂದ ನಮಸ್ಕಾರ.

ಕಂಪವಾತದ (ಪಾರ್ಕಿನ್ಸನ್ ಕಾಯಿಲೆಯ) ರೋಗಿಗಳ ಮನೆಯವರಿಗೆಂದು ಒಂದು ಚಿಕ್ಕ ಪುಸ್ತಿಕೆ ತಯಾರಾಗುತ್ತಿದೆ. ಬರೆದವರು ಕುಮಟೆಯ ವೈದ್ಯ ಮಿತ್ರರು, ಕನ್ನಡ ತಿದ್ದುವ ಕೆಲಸ ನನ್ನದು. ಅದರ ಅನುವಂಶೀಯತೆಯ ಅಧ್ಯಾಯದಲ್ಲಿ ‘ಟ್ರಾನ್ಸ್‌ಪೋಸಾನ್’ (ಡಿಎನ್‌ಎಯಲ್ಲಿ ತಾನೇ ಜಾಗ ಬದಲಿಸುವ, ಇಲ್ಲವೇ ತನ್ನ ಪ್ರತಿಯನ್ನು ಬೇರೆ ಕಡೆ ಸೇರಿಸುವ ತುಣುಕು) ಬರಬೇಕಾದಲ್ಲೆಲ್ಲ ‘ಜಿಗಿಯುವ ಜೀನ್’ ಎಂದಿದೆ. ಕೇಳಲು ಚೆಂದವೇ. ಆದರೆ ಕರಡು ಓದಿದ ಅತ್ತಿಗೆ ಕೇಳಿದ್ದು ಹೀಗೆ: “ಹಂಗಾರೆ ಅಪ್ಪಯ್ಯನ ಕೈಯಲ್ಲಿ ಜಿಗಿತಾ ಇಪ್ಪದು ಇದೇಯಾ?” ಅವರ ತಂದೆಗೆ ಬಲಗೈ ನಡುಕ; ಚಹಾದ ಲೋಟವನ್ನು ಅರ್ಧಕ್ಕಿಂತ ಮೇಲೆ ತುಂಬಿಸುವ ಹಾಗಿಲ್ಲ. ನಡುಗುವ ಕೈಯ ಮಾತಿನ ಪಕ್ಕದಲ್ಲೇ ‘ಜಿಗಿಯುವ’ ಎಂದು ಅಚ್ಚು ಹಾಕಿದರೆ ಓದುವವರು ಎರಡಕ್ಕೂ ಗಂಟು ಹಾಕದೆ ಬಿಡುತ್ತಾರೆಯೇ?

ಪದ ಹುಟ್ಟಿದ್ದು ಮೆಕ್ಕೆಜೋಳದಿಂದ. ಬಾರ್ಬರಾ ಮೆಕ್‌ಕ್ಲಿಂಟಾಕ್ 1940ರ ದಶಕದಲ್ಲಿ ಕಾಳಿನ ಮೇಲಿನ ಬಣ್ಣದ ಚುಕ್ಕೆಗಳ ಬೆನ್ನು ಹತ್ತಿ, ವರ್ಣತಂತುವಿನ ಕೆಲವು ತುಣುಕುಗಳು ಜಾಗ ಬದಲಿಸುತ್ತವೆ ಎಂದು ಕಂಡುಕೊಂಡರು. ನೊಬೆಲ್ ಬಂದದ್ದು 1983ರಲ್ಲಿ. ಆ ಕಾಳಿನಲ್ಲಿ ತುಣುಕು ಇದ್ದಲ್ಲಿಂದ ನಿಜಕ್ಕೂ ಎದ್ದು ಹೋಗುತ್ತದೆ, ಅಲ್ಲಿ ‘ಜಿಗಿಯುವ’ಕ್ಕೆ ನನ್ನ ತಕರಾರಿಲ್ಲ.

ಮನುಷ್ಯರದ್ದು ಬೇರೆ. ನಮ್ಮ ಡಿಎನ್‌ಎಯ ಹೆಚ್ಚುಕಡಿಮೆ ಅರ್ಧ ಭಾಗ ಇಂಥ ತುಣುಕುಗಳಿಂದಲೇ ಬಂದದ್ದು ನಿಜ. ಆದರೆ ಹೀಗೆ ಎದ್ದು ಹೋಗುವ ಜಾತಿಯವು ಒಟ್ಟು ಡಿಎನ್‌ಎಯ ಶೇಕಡಾ 3ರಷ್ಟು ಮಾತ್ರ, ಅವೂ ಎಂದೋ ನಿಂತುಹೋಗಿವೆ. ಉಳಿದವು ಆರ್‌ಎನ್‌ಎ ರೂಪದಲ್ಲಿ ತಮ್ಮ ಪ್ರತಿ ತೆಗೆದು, ಅದು ಮತ್ತೆ ಡಿಎನ್‌ಎ ಆಗಿ ಬೇರೊಂದು ಕಡೆ ಸೇರುವಂಥವು. ಬಾಳೆಯ ಕಂದನ್ನು ಒಯ್ದು ಇನ್ನೊಂದು ತೋಟದಲ್ಲಿ ನೆಟ್ಟ ಹಾಗೆ, ತಾಯಿ ಬಾಳೆ ಇದ್ದಲ್ಲೇ ಇರುತ್ತದೆ. ಲೈನ್-1 ಎಂಬುದರ ಪ್ರತಿಗಳೇ ಸುಮಾರು 5 ಲಕ್ಷ. ಅದರಲ್ಲಿ ಇಂದಿಗೂ ಹೊಸ ಪ್ರತಿ ತೆಗೆಯುವ ಶಕ್ತಿ ಇರುವವು ಹೆಚ್ಚೆಂದರೆ 100ರ ಆಸುಪಾಸು. ಮಿಕ್ಕವು ತುಂಡಾಗಿ, ಅಕ್ಷರ (ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿ) ಕೆಟ್ಟು ಬಿದ್ದಿವೆ. ಇನ್ನು ‘ಜೀನ್’ ಎಂಬುದೂ ಅರ್ಧ ಸತ್ಯ: ಸುಮಾರು 300 ಅಕ್ಷರದ ‘ಅಲು’ ತುಣುಕು ಯಾವ ಪ್ರೋಟೀನಿಗೂ ಸಂಕೇತವಲ್ಲ.

ನನಗೆ ಹೆಚ್ಚು ಕಿರಿಕಿರಿಯಾದದ್ದು ಪುಸ್ತಿಕೆಯ ಮುಖ್ಯ ಉದಾಹರಣೆಯಲ್ಲಿ. ಫಿಲಿಪೈನ್ಸ್‌ನ ಪನಾಯ್ ದ್ವೀಪದ ಕೆಲವು ಮನೆತನಗಳ ಗಂಡಸರಿಗೆ ನಡುವಯಸ್ಸಿನ ಹೊತ್ತಿಗೆ ಸ್ನಾಯು ತಿರುಚಿಕೊಳ್ಳತೊಡಗುತ್ತದೆ, ಬರಬರುತ್ತ ಪಾರ್ಕಿನ್ಸನ್ನಿನಂಥದೇ ಬಿಗಿತ, ನಿಧಾನಗತಿ. ಅವರ ಎಕ್ಸ್ ವರ್ಣತಂತುವಿನಲ್ಲಿರುವ ಟಿಎಎಫ್1 ಜೀನ್‌ನ ಒಳಗೆ, ಸುಮಾರು 2,600 ಅಕ್ಷರದ ಎಸ್‌ವಿಎ ಎಂಬ ಜಾತಿಯ ಟ್ರಾನ್ಸ್‌ಪೋಸಾನ್ ತುಣುಕೊಂದು ಸೇರಿಕೊಂಡಿದೆ. ಸೇರಿದ ಜಾಗ ಇಂಟ್ರಾನ್, ಅಂದರೆ ಪ್ರೋಟೀನ್ ಕಟ್ಟುವ ಮೊದಲು ಕತ್ತರಿಸಿ ಬಿಸಾಡುವ ಭಾಗ. ಆದರೂ ಜೀನ್‌ನ ಓದು ಕೆಡುತ್ತದೆ. ಈ ತುಣುಕು ರೋಗಿಯ ಮೈಯಲ್ಲಿ ಎಲ್ಲಿಗೂ ಜಿಗಿಯುತ್ತಿಲ್ಲ. ತಲೆಮಾರುಗಳ ಹಿಂದೆ ಒಬ್ಬ ಪೂರ್ವಜರಲ್ಲಿ ಒಮ್ಮೆ ಬಂದು ಕೂತದ್ದು, ತಾಯಿಯಿಂದ ಮಗನಿಗೆ ಇಳಿಯುತ್ತ ಬಂದಿದೆ, ಅಷ್ಟೇ. ಒಬ್ಬರಿಂದೊಬ್ಬರಿಗೆ ವ್ಯತ್ಯಾಸವಾಗುವುದು ಅದರೊಳಗೆ ಮತ್ತೆ ಮತ್ತೆ ಬರುವ ಆರಕ್ಷರದ ಸರಣಿಯ ಉದ್ದ. ಸರಣಿ ಉದ್ದವಾದಷ್ಟೂ ರೋಗ ಬೇಗ ತಲೆದೋರುತ್ತದೆ. ಹೀಗಿರುವಾಗ ‘ಜಿಗಿಯುವ ಜೀನ್‌ನಿಂದ ಬರುವ ರೋಗ’ ಎಂಬ ವಾಕ್ಯದಲ್ಲಿ ಕಾಲವೇ ಅದಲುಬದಲು. ಬೇಕಾದದ್ದು ‘-ಉವ’ ಅಲ್ಲ, ಭೂತ ಕೃದಂತ: ‘ಬಂದು ಕೂತ ತುಣುಕು’.

ಬದಲಿ ಪದಗಳನ್ನು ವಾಕ್ಯದಲ್ಲಿಟ್ಟು ನೋಡಿದೆ. ‘ಚರ ಡಿಎನ್‌ಎ’ ಎಂದರೆ ಶಾಲೆಯ ಮಕ್ಕಳಿಗೆ ಗಣಿತದ ಚರಾಕ್ಷರ ನೆನಪಾಗುತ್ತದೆ. ‘ವಲಸೆ’ ಹೋದವರು ಮನೆ ಖಾಲಿ ಮಾಡಿ ಹೋಗುತ್ತಾರೆ, ಇಲ್ಲಿ ಹಾಗಿಲ್ಲ. ‘ಅಲೆಮಾರಿ’ ಎಂಬುದು ಬದುಕುವ ಜನರ ಹೆಸರು, ಅದನ್ನು ರೋಗಕ್ಕೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ‘ನುಸುಳುವ’ದಲ್ಲಿ ಕಳ್ಳತನದ ವಾಸನೆ. ತುಣುಕು ಬಂದು ಸೇರಿದ ಕ್ರಿಯೆಗೆ ವೈದ್ಯರು ‘ಅಳವಡಿಕೆ’ ಎಂದಿದ್ದಾರೆ, ಯಾರೋ ಬಂದು ಸೋಲಾರ್ ಕೂಡಿಸಿ ಹೋದಂತಿದೆ. ಸದ್ಯ ನನ್ನ ಒಲವು ಇಷ್ಟು: ವರ್ಗದ ಹೆಸರು ‘ಟ್ರಾನ್ಸ್‌ಪೋಸಾನ್’ ಎಂದೇ ಇರಲಿ. ಇನ್ನೂ ಚಟುವಟಿಕೆಯಲ್ಲಿ ಇರುವವಕ್ಕೆ ‘ಪ್ರತಿ ಬಿಡುವ ತುಣುಕು’ (ಬಾಳೆ ಕಂದು ಬಿಡುತ್ತದಲ್ಲ, ಆ ಅರ್ಥದ ‘ಬಿಡು’), ನಿಂತವಕ್ಕೆ ‘ಬಂದು ಕೂತ ತುಣುಕು’.

ಇನ್ನೊಂದು ಸಣ್ಣ ಜಗಳ. ಸಾಮಾನ್ಯ ಪಾರ್ಕಿನ್ಸನ್ ಕಾಯಿಲೆಯಲ್ಲಿ, ಡಿಎನ್‌ಎಯ ಒಂದು ನಿರ್ದಿಷ್ಟ ಜಾಗದಲ್ಲಿ ಎಸ್‌ವಿಎ ಇರುವವರಿಗೂ ಇಲ್ಲದವರಿಗೂ ರೋಗ ಏರುವ ಬಗೆಯಲ್ಲಿ ವ್ಯತ್ಯಾಸ ಕಂಡಿದೆ. ಕರಡಿನಲ್ಲಿ ಇದು ‘ಕಾರಣ’ ಆಗಿಬಿಟ್ಟಿತ್ತು. ಪನಾಯ್ ಉದಾಹರಣೆಗೆ ‘ಕಾರಣ’ ಸಲ್ಲುತ್ತದೆ, ಇಲ್ಲಿ ಖಂಡಿತ ಸಲ್ಲದು. ನಾನು ‘ನಂಟು’ ಎಂದು ತಿದ್ದಿದೆ. ವೈದ್ಯರಿಗೆ ‘ಸಂಬಂಧ’ವೇ ಬೇಕು. ನಮ್ಮ ಕಡೆ ಸಂಬಂಧ ಕೂಡಿಬಂತು ಅಂದರೆ ಮೊದಲು ಕೇಳುವುದು ಹುಡುಗಿ ಯಾವ ಊರು ಅಂತ!

ಪನಾಯ್‌ನದು ಪಾರ್ಕಿನ್ಸನ್ ಕಾಯಿಲೆಯೇ ಅಲ್ಲ, ಅದರ ಲಕ್ಷಣಗಳಿರುವ ಬೇರೆ ರೋಗ. ಹಾಗಾಗಿ ಅದಕ್ಕೂ ‘ಕಂಪವಾತ’ ಎನ್ನುವುದನ್ನು ತೆಗೆದುಹಾಕಿದ್ದೇನೆ. ಆಯುರ್ವೇದ ಓದಿದವರು ಬಳಗದಲ್ಲಿದ್ದರೆ ಈ ತೆಗೆದದ್ದು ಸರಿಯೇ ಹೇಳಿ.

ಕಾರವಾರ, ಅಂಕೋಲೆಯವರಲ್ಲಿ ಒಂದು ಕೋರಿಕೆ. ಪುಸ್ತಿಕೆ ನಿಮ್ಮ ಕಡೆಯ ಕೊಂಕಣಿ ಮನೆಮಾತಿನವರಿಗೂ ಹೋಗುವಂಥದ್ದು. ‘ಪ್ರತಿ ಬಿಡುವ ತುಣುಕು’ ಎಂದು ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ, ಕಂದು ಬಿಡುವುದು ಹೊಳೆಯುತ್ತದೋ ಅಥವಾ ಝೆರಾಕ್ಸ್ ಪ್ರತಿಯನ್ನು ಎಲ್ಲೋ ಬಿಟ್ಟುಬಂದಂತೆ ಕೇಳುತ್ತದೋ ತಿಳಿಸಿ. ಎರಡನೆಯದಾದರೆ ಬೇರೆ ಕ್ರಿಯಾಪದ ಹುಡುಕಬೇಕು.